ಹುಲ್ಲಿಗೆ ಹೊಕ್ಕುಳಿಲ್ಲ

ಮುಳಬಾಗಿಲಿನಿಂದ ಫಾರಂ ಹಿಡಿದು ಹೋಗಿದ್ದೆ,
ಹಳೆಯ ಸೂಲಗಿತ್ತಿಯರ ಪಟ್ಟಿ ಮಾಡಲು.
ಆವಣಿ ಬೆಟ್ಟದ ಬುಡದಲ್ಲಿ, ಬಂಡೆಯ ನೆರಳಲ್ಲಿ
ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು ಪಿಳ್ಳಕ್ಕ.
ಹೆಸರು. ವಯಸ್ಸು. ಮಾಡಿಸಿದ ಹೆರಿಗೆಗಳ ಸಂಖ್ಯೆ.
ಬೀಜ ಎಣಿಸಿದ ಹಾಗೆ ಎಣಿಸಿದಳು,
ಮುನ್ನೂರ ಹನ್ನೊಂದಕ್ಕೆ ನಿಂತಳು.
"ಇನ್ನೆರಡು ಸೇರಿಸ್ಕೊ. ಬೆಟ್ಟದ ಮೇಲಿನವು."

ಯಾವ ವರ್ಷ? ಎಂದೆ.
"ಅದು ನಾನಲ್ಲ, ನಮ್ಮವಳು.
ನಮ್ಮಜ್ಜಿಗೂ ಅಜ್ಜಿ, ಅವಳಿಗೂ ಹಿಂದಿನ ಅಜ್ಜಿ.
ಮೈ ಬೇರೆ ಕಣಮ್ಮ, ಕೈ ಅದೇ.
ಬರ್ಕೊ."

ಎಲ್ಲೋ ನಡುವೆ ಅವಳ ಮಾತು
'ಅವಳು' ಬಿಟ್ಟು 'ನಾನು' ಆಯಿತು.
ನನ್ನ ಪೆನ್ನಿಗೆ ತಡವಾಗಿ ಗೊತ್ತಾಯಿತು.

ಮುನಿಗಳ ಹುಡುಗ ಬಂದು ದೂರ ನಿಂತು ಕೂಗ್ದ.
ಮುಟ್ಟಬೇಡ ಅಂದ, ಬೇಗ ಬಾ ಅಂದ,
ಎರಡನ್ನೂ ಒಂದೇ ಉಸಿರಲ್ಲಿ.
ಕುಡುಗೋಲು, ಹರಳೆಣ್ಣೆ, ಒಂದು ಹಿಡಿ ಅರಿಶಿನ
ಸೆರಗಲ್ಲಿ ಕಟ್ಕೊಂಡು ಹತ್ತಿದೆ.
ಗುಡಿಸಲಲ್ಲಿ ಒಬ್ಬಳೇ ಇದ್ಲು.
ಗಂಡಸರೆಲ್ಲ ಹೊರಗೆ ಮಂತ್ರದಲ್ಲಿದ್ರು.

ಹೆರೋವಾಗ ಎಲ್ಲರೂ ಅಮ್ಮಾ ಅಂತಾರೆ.
ಕೆಲವರು ಗಂಡನ್ನ ಬಯ್ತಾರೆ, ನೋವಿಗೆ ಅದೂ ಒಂದು ಔಷಧಿ.
ಇವಳು ಎರಡೂ ಮಾಡ್ಲಿಲ್ಲ.
ಅಂಗೈಯಿಂದ ನೆಲ ಬಡಿದ್ಲು,
ಒಳಗೆ ಯಾರೋ ಮಲಗವ್ರೆ, ಕದ ತೆಗೀಲಿ ಅನ್ನೋ ಹಾಗೆ.
ಆಮೇಲೆ ಕಿವಿಯಿಟ್ಟು ಕೇಳಿದ್ಲು.
ನಾನೂ ಇಟ್ಟೆ.
ನನಗೇನೂ ಕೇಳಿಸ್ಲಿಲ್ಲ. ಬಂಡೆ ಬೆಚ್ಚಗಿತ್ತು.

ಮೊದಲ್ನೇದು ತಲೆ ಮುಂದಾಗಿ ಬಂತು.
ಎರಡ್ನೇದು ಕಾಲು.
ಎಣ್ಣೆ ಹಚ್ಚಿ, ಮಣಿಕಟ್ಟು ಮುಳುಗೋ ತನಕ ಕೈಯಿಟ್ಟು
ತಿರುಗಿಸಿ ತಂದೆ, ಮಡಕೆಯಿಂದ ಚೆಂಬು ತೆಗೆದ ಹಾಗೆ.
ಪುರಾಣ ಓದೋ ಅಯ್ಯ ಈಗ ಹೇಳ್ತಾನೆ,
ಹುಟ್ಟಿದ್ದು ಒಂದೇ ಅಂತೆ,
ಇನ್ನೊಂದನ್ನ ಮುನಿ ದರ್ಭೆ ಹುಲ್ಲಿಂದ ಮಾಡಿದನಂತೆ.
ಎರಡು ಹೊಕ್ಕುಳು ಕೊಯ್ದವಳು ನಾನು.
ಹುಲ್ಲಿಗೆ ಹೊಕ್ಕುಳಿರ್ತದಾ?

ಮಾಸನ್ನ ಬೇವಿನ ಬುಡದಲ್ಲಿ ಹೂತೆ,
ನಾಯಿ ಕೆದಕಲಾಗದಷ್ಟು ಆಳ.
ಹನ್ನೊಂದು ದಿನ ಎರೆದೆ ಅವಳಿಗೆ.
ಬೆಂಕಿ ಹೊಕ್ಕು ಬಂದವಳು ಅಂತಾರಲ್ಲ,
ಬೆನ್ನ ಮೇಲೆ ಒಂದು ಬೊಬ್ಬೆಯ ಗುರುತಿರ್ಲಿಲ್ಲ.
ಅಂಗಾಲು ಮಾತ್ರ ಬಿರಿದಿತ್ತು, ನಮ್ಮದರ ಹಾಗೇ.
ಗಂಡನ ಹೆಸರು ಕೇಳ್ಲಿಲ್ಲ.
ಬಸುರೀನ ಕಾಡಿಗೆ ಕಳಿಸಿದವನ ಹೆಸರು ತಗೊಂಡು
ಯಾವ ಕೂಸಿನ ನಾಲಿಗೆಗೆ ಜೇನು ಮುಟ್ಟಿಸ್ಲಿ?
ಅವಳ ಹೆಸರೂ ಕೇಳ್ಲಿಲ್ಲ.
ಕೂಲಿಗೆ ಏನೂ ಇಲ್ಲ ಅಂದ್ಲು, ಮೊಲೆಯೂಡಿಸ್ತಾ.
ರಾಗಿ ಮುದ್ದೆ ತೊಳಸಿಟ್ಟೆ, ಹುರುಳಿ ಕಟ್ಟಿನ ಸಾರು.
ಎರಡು ಸಲ ಹಾಕಿಸ್ಕೊಂಡ್ಲು.
ರಾಣಿಯಂತೆ.
ನನಗೇನು ಗೊತ್ತು, ಹಸಿದವಳು ಉಂಡ್ಲು.

ಪಿಳ್ಳಕ್ಕ ಒಂದು ಉದ್ದನೆಯ ಹುಣಸೆ ನಾರು ಎಳೆದಳು.

ಆಮೇಲೆ ಸಭೆ ಕೂಡಿತಂತೆ.
ಚೊಕ್ಕವಾಗಿದ್ದಾಳಾ ಅಂತ ಕೇಳಿದ್ರಂತೆ, ಇನ್ನೊಂದು ಸಲ.
ಸಾಕ್ಷಿಗೆ ಮುನಿ ಬಂದ, ದೇವರುಗಳು ಬಂದ್ರು.
ನಮ್ಮ ಹಟ್ಟಿ ಕಡೆಗೆ ಒಬ್ಬನೂ ಬರ್ಲಿಲ್ಲ.
ಹೆಂಗಸಿನ ಮೈ ವಿಚಾರ
ಬೆಂಕೀನ ಕೇಳ್ತಾರಾ ಯಾರಾದರೂ,
ಸೂಲಗಿತ್ತಿ ಬದುಕಿರೋವಾಗ?

ನೆಲ ಬಾಯಿ ಬಿಡ್ತು ಅಂದ್ರು.
ಊರೆಲ್ಲ ಬೆರಗಾಯ್ತು. ನನಗೆ
ತಡವಾಯ್ತು ಅನ್ನಿಸ್ತು ಅಷ್ಟೆ.
ಅವತ್ತೇ ಬಡಿದಿದ್ಲಲ್ಲ ಕದ.

ಫಾರಂನಲ್ಲಿ ತಾಯಿ ತಂದೆಯರ ಹೆಸರಿಗೆ ಜಾಗವಿರಲಿಲ್ಲ, ಪುಣ್ಯ.
ಮುನ್ನೂರ ಹದಿಮೂರು ಎಂದು ಬರೆದೆ.
ಶಾಯಿ ಡಬ್ಬಿ ತೆರೆದು, ಬಲಗಡೆ ಒತ್ತು ಎಂದೆ.
ಅವಳು ಎಡಗಡೆ ಒತ್ತಿದಳು,
'ಸಾಕ್ಷಿ' ಎಂದು ಅಚ್ಚಾಗಿದ್ದ ಗೆರೆಯ ಮೇಲೆ.
ಅದು ಪಂಚಾಯಿತಿ ಮೆಂಬರು ಸಹಿ ಹಾಕುವ ಜಾಗ.
ಓದಲು ಬಾರದು ಅವಳಿಗೆ. ನಾನೂ ತಿದ್ದಲಿಲ್ಲ.

ಬೆರಳು ಒರೆಸಿಕೊಳ್ಳಲು ಕಾಗದ ಚಾಚಿದೆ.
ಬೇಡವೆಂದು ತಲೆಯಾಡಿಸಿ
ನೆಲಕ್ಕೆ ಒರೆಸಿದಳು.